ಶಕ್ತಿ ಇಳಿಸುವ ಗುಳಿಗೆ

ಮೊದಲು ಹೋದದ್ದು ನನ್ನ ಹೆರಳು. ಕೂದಲು ಉದುರಿತು ಎಂದಲ್ಲ, ಅದು ಆಮೇಲಿನ ಮಾತು. ಹೆರಳು ಹಾಕಿಕೊಳ್ಳುವುದು ಹೋಯಿತು. ಒಂದು ದಿನ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಕೂದಲನ್ನು ಮೂರು ಎಳೆ ಮಾಡಿ ಹೆಣೆಯಲು ಹೋದರೆ ಬೆರಳುಗಳು ಮಡಿಚಲಿಲ್ಲ. ಬಿಸಿಲಲ್ಲಿ ಒಣಗಿದ ಚರ್ಮದ ಹಾಗೆ ಬಿಗಿದಿದ್ದವು. ಸ್ವಲ್ಪ ಹೊತ್ತು ಬಿಟ್ಟು ನೋಡಿದೆ, ಆಗಲಿಲ್ಲ. ಕೂದಲನ್ನು ಹಾಗೇ ಹಿಂದಕ್ಕೆ ತಳ್ಳಿ ಕೆಲಸಕ್ಕೆ ಕುಳಿತೆ.

ಕೆಲಸವೂ ಕೂದಲಿನದೇ. ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಓಣಿಯಲ್ಲಿ ಮನೆಮನೆಗೂ ಚೀಲಗಟ್ಟಲೆ ಕೂದಲು ಬರುತ್ತದೆ. ಊರೂರಿನ ಹೆಂಗಸರು ತಲೆ ಬಾಚಿಕೊಂಡಾಗ ಉದುರಿದ, ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸಿಟ್ಟು ಆಮೇಲೆ ಮಾರಿದ ಕೂದಲಿನ ಉಂಡೆಗಳವು. ಅವನ್ನು ದಬ್ಬಣದಿಂದ ಎಳೆ ಎಳೆಯಾಗಿ ಬಿಡಿಸಿ, ಉದ್ದದ್ದು ಗಿಡ್ಡದ್ದು ಬೇರೆ ಮಾಡಿ ಕಟ್ಟಿಕೊಡಬೇಕು. ನಮ್ಮ ಅವ್ವ ಶಂಕ್ರವ್ವ ಈ ಕೆಲಸದಲ್ಲೇ ನನ್ನನ್ನು ಹತ್ತನೇ ಇಯತ್ತೆಯವರೆಗೆ ಓದಿಸಿದಳು, ಮದುವೆ ಮಾಡಿದಳು. ನಮ್ಮ ಮನೆಯವರು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ದುಡಿಯುತ್ತಾರೆ. ನಮಗೆ ಮಕ್ಕಳಾಗಲಿಲ್ಲ. ನಾನು ಗಂಗಾವತಿಯಲ್ಲಿ ಸ್ವಲ್ಪ ದಿನ, ಭಾಗ್ಯನಗರದಲ್ಲಿ ಸ್ವಲ್ಪ ದಿನ ಇರುತ್ತಿದ್ದೆ. ಈ ಬೇನೆ ಬಂದ ಮೇಲೆ ಅವ್ವನ ಮನೆಯಲ್ಲೇ ಉಳಿದೆ.

"ಹಗಲೆಲ್ಲಾ ದಬ್ಬಣ ಹಿಡದು ಬಳ್ಳು ಸೆಟದಾವು. ನಾಕ ದಿನ ಕೈ ಬಿಟ್ಟು ಕುಂದರು, ಎಲ್ಲಾ ಛಲೋ ಆಕ್ಕೈತಿ" ಅಂದಳು ಅವ್ವ.

ನಾಲ್ಕು ದಿನ ನಾಲ್ಕು ತಿಂಗಳಾಯಿತು. ಬೆರಳಿನ ಗೆಣ್ಣುಗಳಿಂದ ಮಣಿಕಟ್ಟಿಗೆ, ಅಲ್ಲಿಂದ ಮೊಣಕಾಲಿಗೆ, ಪಾದಕ್ಕೆ ಬಾವು ಬಂತು. ಒಂದು ಕೈಗೆ ಬಂದದ್ದು ಮರುದಿನ ಇನ್ನೊಂದು ಕೈಗೂ ಬರುತ್ತಿತ್ತು, ಬೀಗರ ಮನೆಗೆ ಜೋಡಿಯಾಗಿ ಹೋದ ಹಾಗೆ. ಕಿನ್ನಾಳದವರೊಬ್ಬರು ಎಣ್ಣೆ ಕೊಟ್ಟರು. ಕುಷ್ಟಗಿ ಕಡೆಯವರು ಒಂದು ಬೇರು ಕೊಟ್ಟರು. ಯಲಬುರ್ಗಾದ ದೊಡ್ಡವ್ವ ಬದನೆಕಾಯಿ ಬಿಡು ಎಂದಳು, ಬಿಟ್ಟೆ. ಮೊಸರು ಬಿಡು ಎಂದಳು, ಬಿಟ್ಟೆ. ಬೇನೆ ಮಾತ್ರ ನನ್ನನ್ನು ಬಿಡಲಿಲ್ಲ.

ಈ ಬೇನೆ ಇದ್ದವರಿಗೆ ಬೆಳಗು ಎಂದರೆ ಏನೆಂದು ಹೇಳಬೇಕಾಗಿಲ್ಲ. ಇಲ್ಲದವರಿಗೆ ಹೇಳುತ್ತೇನೆ. ಎಚ್ಚರವಾದ ಮೇಲೆ ಎರಡು ತಾಸು ನಾನು ಹಾಸಿಗೆಯ ಮೇಲೆ ಮಲಗಿ ಸೂರು ನೋಡುತ್ತಿದ್ದೆ. ಹೊದಿಕೆ ಸರಿಸಲು ಆಗುತ್ತಿರಲಿಲ್ಲ. ಮೂಗಿನ ಮೇಲೆ ನೊಣ ಕುಳಿತರೆ ಓಡಿಸಲು ಆಗುತ್ತಿರಲಿಲ್ಲ. ಅವ್ವ ಬಂದು ಬೆನ್ನಿನ ಕೆಳಗೆ ಕೈ ತೂರಿಸಿ, "ಹೂಂ, ಏಳವಾ ನಮ್ಮ ರಾಣಿ" ಎಂದು ಎತ್ತಿ ಕೂಡ್ರಿಸುತ್ತಿದ್ದಳು. ಬಚ್ಚಲಿಗೆ ಕರೆದೊಯ್ಯುತ್ತಿದ್ದಳು. ಅಲ್ಲಿ ಒಬ್ಬ ಬೆಳೆದ ಹೆಂಗಸು ತನ್ನ ತಾಯಿಯ ಕೈಯಲ್ಲಿ ಏನೇನು ಮಾಡಿಸಿಕೊಳ್ಳಬೇಕಾಗುತ್ತದೋ ಅದನ್ನೆಲ್ಲ ಮಾಡಿಸಿಕೊಂಡೆ. ಆಮೇಲೆ ಅವ್ವ ನನ್ನ ಹೆರಳು ಹಾಕುತ್ತಿದ್ದಳು. ನಾನು ಅತ್ತರೆ ಹೆರಳನ್ನು ಸ್ವಲ್ಪ ಜೋರಾಗಿ ಎಳೆಯುತ್ತಿದ್ದಳು. ಅತ್ತದ್ದು ಅದಕ್ಕೇ ಎಂದು ಇಬ್ಬರೂ ತಿಳಿದುಕೊಳ್ಳಲು ಅನುಕೂಲವಾಗಲಿ ಎಂದು.

ಗಂಗಾವತಿಯ ಒಂದು ದವಾಖಾನೆಗೆ ತಿಂಗಳಿಗೊಂದು ರವಿವಾರ ಕೀಲಿನ ಡಾಕ್ಟರು ಹೊರಗಿನಿಂದ ಬರುತ್ತಾರೆ ಎಂದು ನಮ್ಮ ಮನೆಯವರು ವಿಚಾರಿಸಿ ಬಂದರು. ಅವ್ವನೂ ನಾನೂ ಬಸ್ಸಿನಲ್ಲಿ ಹೋದೆವು. ಅಲ್ಲಿ ಕಾಯುವ ಜಾಗದಲ್ಲಿ ಕಾಲಿಟ್ಟಾಗ ನನಗೆ ಆದದ್ದು ಭಯವಲ್ಲ, ಒಂದು ಥರದ ನಾಚಿಕೆ. ಬೆಂಚಿನ ತುಂಬ ಕುಳಿತವರೆಲ್ಲ ಕೈಗಳನ್ನು ನನ್ನ ಹಾಗೆಯೇ ಇಟ್ಟುಕೊಂಡಿದ್ದರು, ತೊಡೆಯ ಮೇಲೆ, ಅಂಗೈ ಮೇಲೆ ಮಾಡಿ, ಯಾರದೋ ವಸ್ತು ನೋಡಿಕೊಳ್ಳಲು ಕೊಟ್ಟಿದ್ದಾರೆ ಎಂಬಂತೆ. ನಾನು ಒಬ್ಬಳೇ ಎಂದುಕೊಂಡಿದ್ದೆ.

ಅವ್ವ ಒಳಗೆ ಬಂದವಳೇ ರೂಢಿಯಂತೆ ಎಲ್ಲರಿಗೂ ಶರಣು ಎಂದು ಕೈ ಮುಗಿದಳು. ಮೂಲೆಯಲ್ಲಿದ್ದ ಕುಷ್ಟಗಿಯ ಮುದುಕರೊಬ್ಬರು ನಕ್ಕರು.

"ಯಕ್ಕಾ, ಇಲ್ಲಿ ಯಾರಿಗೂ ಕೈ ಮುಗಿಬ್ಯಾಡ್ರಿ. ತಿರಗಿ ಮುಗಿಯಾಕ ಇಲ್ಲಿ ಯಾರಿಗೂ ಬರೂದಿಲ್ಲ."

ಬೆಂಚೆಲ್ಲ ನಕ್ಕಿತು. ನಾನೂ ನಕ್ಕೆ. ಎಷ್ಟೋ ತಿಂಗಳ ಮೇಲೆ.

ಡಾಕ್ಟರು ಹರೆಯದವರು. ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ನನ್ನ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಬಲ ಮೊಣಕಾಲು ಕುಂಬಳಕಾಯಿಯಂತೆ ಊದಿತ್ತು. ಅದಕ್ಕೆ ಸೂಜಿ ಹಾಕಿ ನೀರು ತೆಗೆದರು. ನೋವಾಯಿತು, ಆದರೆ ನೀರು ಹೊರಬಂದ ಹಾಗೆ ಕಾಲು ಹಗುರಾಯಿತು. ಅಕ್ಕಿ ತೊಳೆದ ನೀರಿನ ಹಾಗೆ ಕದಡಿದ, ಸ್ವಲ್ಪ ಹಳದಿ ನೀರು. ಅದನ್ನು ಒಂದು ಗಾಜಿನ ಕೊಳವೆಗೆ ಹಾಕಿ ಬೆಳಕಿಗೆ ಹಿಡಿದು ತೋರಿಸಿದರು.

"ಕೀಲಿನ ನೀರು ತಿಳಿಯಾಗಿರಬೇಕು ಅಮ್ಮಾ. ಇಲ್ಲಿ ಕದಡಿದೆ ನೋಡಿ, ಇದೆಲ್ಲ ನಿಮ್ಮ ರಕ್ತದ ಬಿಳಿ ಕಣಗಳು. ಹೊರಗಿನ ರೋಗಾಣು ಬಂದರೆ ಕೊಲ್ಲುವುದು ಇವುಗಳ ಕೆಲಸ. ನಿಮ್ಮಲ್ಲಿ ಇವು ಕೀಲಿನ ಪೊರೆಯೊಳಗೆ ಬಂದು ಅಲ್ಲೇ ಮನೆ ಮಾಡಿವೆ. ಇನ್ನಷ್ಟು ಕಣಗಳನ್ನು ಕರೆಯುತ್ತಿವೆ. ನಿಮ್ಮ ಪೊರೆಯನ್ನೇ ವೈರಿ ಅಂದುಕೊಂಡು ತಿನ್ನುತ್ತಿವೆ. ರೋಗನಿರೋಧಕ ಶಕ್ತಿ ದಾರಿ ತಪ್ಪಿದೆ, ಅತಿಯಾಗಿದೆ. ಅದನ್ನು ತಗ್ಗಿಸುವ ಗುಳಿಗೆ ಕೊಡುತ್ತೇನೆ. ವಾರಕ್ಕೆ ಒಂದೇ ದಿನ. ತಪ್ಪಿಯೂ ದಿನಾ ನುಂಗಬಾರದು. ಗುಣ ಕಾಣಲು ಎರಡು ಮೂರು ತಿಂಗಳು ಬೇಕು."

ಅವ್ವ ಆ ಕೊಳವೆಯನ್ನೇ ನೋಡುತ್ತಿದ್ದಳು. "ಯಪ್ಪಾ, ಅದು ಅಕೀ ಮೈಯಾಗಿಂದು ಅಲ್ರಿ? ಚೆಲ್ಲಬ್ಯಾಡ್ರಿ ಮತ್ತ."

ಡಾಕ್ಟರು ನಕ್ಕು, ಪರೀಕ್ಷೆಗೆ ಕಳಿಸುತ್ತೇವೆ ಎಂದರು. ಹೊರಗೆ ಇನ್ನೂ ಬಹಳ ಜನ ಕಾಯುತ್ತಿದ್ದರು. ನಾವು ಎದ್ದೆವು.

ಗಂಗಾವತಿಯ ಬಸ್ ನಿಲ್ದಾಣದಲ್ಲಿ ಕೊಪ್ಪಳದ ಬಸ್ಸಿಗೆ ಕಾಯುತ್ತಿದ್ದಾಗ ಅವ್ವ ಕೇಳಿದಳು. "ಏನಂದ್ರು? ಅವ್ರ ಮಾತು ನನಗೊಂದೂ ತಿಳೀಲಿಲ್ಲ."

ನಾನು ಕಲಿತವಳು. ನಮ್ಮ ಮನೆಗೆ ಬರುವ ಕಾಗದಗಳನ್ನೆಲ್ಲ ನಾನೇ ಓದಿ ಹೇಳುತ್ತಿದ್ದದ್ದು. ಅವ್ವನಿಗೆ ತಿಳಿಯುವ ಹಾಗೆ ಹೇಳಬೇಕು ಎಂದು, ಕಷ್ಟದ ಮಾತು ಬಿಟ್ಟು ಸುಲಭದ್ದನ್ನು ಹೇಳಿದೆ.

"ಶಕ್ತಿ ಜಾಸ್ತಿ ಆಗೇತಂತವಾ. ಅದನ್ನ ಇಳಸಾಕ ಗುಳಿಗಿ ಕೊಟ್ಟಾರ."

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾನು ಆಗ ನೀರಿನ ಬಾಟಲಿಯ ಮುಚ್ಚಳವನ್ನು ಹಲ್ಲಿನಿಂದ ತಿರುಗಿಸಲು ನೋಡುತ್ತಿದ್ದೆ. ಅವಳಿಗೆ ನಗು ತಡೆಯಲಾಗಲಿಲ್ಲ. ಬಸ್ಸು ಬಂತು. ಮೆಟ್ಟಿಲು ಹತ್ತಲು ನಾನು ಒದ್ದಾಡುತ್ತಿದ್ದಾಗ ಕಂಡಕ್ಟರ್ "ಲಗೂ ಹತ್ರಿ, ಲಗೂ ಹತ್ರಿ" ಎಂದು ಕೂಗಿದ.

"ತಡಿಯೋ ತಮ್ಮಾ" ಅಂದಳು ಅವ್ವ. "ನನ್ನ ಮಗಳಿಗೆ ಶಕ್ತಿ ಜಾಸ್ತಿ ಆಗೇತಂತ, ಹತ್ತಾಕ ಬರವಲ್ದು."

ಹಿಟ್ನಾಳ ದಾಟುವವರೆಗೂ ಅವಳು ಆ ಮಾತು ನೆನೆದು ನೆನೆದು ನಕ್ಕಳು. ಹಿಟ್ನಾಳ ದಾಟಿದ ಮೇಲೆ ಸುಮ್ಮನಾದಳು. ಏನು ಯೋಚನೆ ಮಾಡುತ್ತಿದ್ದಳೋ ನಾನು ಕೇಳಲಿಲ್ಲ. ನನಗೆ ನನ್ನದೇ ಆಗಿತ್ತು.

ರವಿವಾರ ರವಿವಾರ ಊಟವಾದ ಮೇಲೆ ಹಳದಿ ಬಣ್ಣದ ಸಣ್ಣ ಗುಳಿಗೆ ನುಂಗುತ್ತಿದ್ದೆ. ಮರುದಿನವೆಲ್ಲ ಹೊಟ್ಟೆ ತೊಳಸುತ್ತಿತ್ತು. ತಿಂಗಳು ಕಳೆಯುವಷ್ಟರಲ್ಲಿ ಕೂದಲು ಉದುರತೊಡಗಿತು. ಕೂದಲಿನ ಕೆಲಸದ ಮನೆಯಲ್ಲಿ ಕೂದಲು ಉದುರಿದರೆ ಅಡಗಿಸಿಡುವುದು ಕಷ್ಟ. ಅವ್ವ ನನ್ನ ಹೆರಳು ಹಾಕುವಾಗ ಬಾಚಣಿಗೆಗೆ ಬಂದದ್ದನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ, "ಇದನ್ನೂ ಚೀಲಕ್ಕ ಹಾಕ್ಲೇನು? ತೂಕಕ್ಕಾದ್ರೂ ಆಕ್ಕೈತಿ" ಅನ್ನುತ್ತಿದ್ದಳು. ಹಾಕುತ್ತಿರಲಿಲ್ಲ. ಪಕ್ಕದ ಮನೆಯ ಬೀಬಿಜಾನಳ ಮುಂದೆ ಒಮ್ಮೆ ಹೇಳುವುದು ಕೇಳಿಸಿತು. "ಶಕ್ತಿ ಇಳಸತೈತಿ ಅಂತ ಡಾಕ್ಟರು ಖರೇನ ಹೇಳ್ಯಾನ ನೋಡು. ಕೂದಲಾ ಸೈತ ನಿಲ್ಲವಲ್ದು."

ಎರಡನೆಯ ಸಲ ಗಂಗಾವತಿಗೆ ಹೋದಾಗ ಡಾಕ್ಟರು ನನ್ನ ಕೈ ನೋಡುತ್ತ ನೋಡುತ್ತ ಅವ್ವನ ಕಡೆ ತಿರುಗಿದರು. "ನಿಮ್ಮ ಕೈ ತೋರಿಸಿ ಅಮ್ಮಾ."

ಅವ್ವ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ನಂದೇನ್ ನೋಡ್ತೀರಿ, ದುಡದ ಕೈರಿ ಅವು."

ಅವರು ಬಿಡಲಿಲ್ಲ. ನಾನು ಆಗ ನೋಡಿದೆ. ದಿನಾ ನನ್ನ ಬೆನ್ನಿನ ಕೆಳಗೆ ತೂರುತ್ತಿದ್ದ, ನನ್ನ ಹೆರಳು ಹಾಕುತ್ತಿದ್ದ ಆ ಕೈಯ ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿದ್ದವು, ಗಾಳಿಗೆ ಒಂದೇ ಕಡೆ ಬಾಗಿದ ಜೋಳದ ದಂಟಿನ ಹಾಗೆ. ಗೆಣ್ಣುಗಳು ಗಂಟು ಕಟ್ಟಿದ್ದವು. ಎಷ್ಟು ದಿನದಿಂದ ಎಂದು ಕೇಳಿದರೆ "ನೆನಪಿಲ್ರಿ" ಅಂದಳು. ರಕ್ತ ಪರೀಕ್ಷೆ ಮಾಡಿಸಿದರು. ನನ್ನದೇ ಬೇನೆ. ಅಲ್ಲ, ಅವಳದೇ ಬೇನೆ, ನನಗೆ ಬಂದದ್ದು. ಅವಳಿಗೂ ಅದೇ ಹಳದಿ ಗುಳಿಗೆ ಬರೆದರು.

ಅಂದಿನಿಂದ ರವಿವಾರ ಇಬ್ಬರೂ ಜೊತೆಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದೆವು. ಸೋಮವಾರ ಉಪವಾಸ ಮಾಡುವವರು ವಾರ ಹಿಡಿದಿದ್ದೇವೆ ಎನ್ನುವ ಹಾಗೆ ಅವ್ವ ಇದನ್ನು "ಗುಳಿಗಿ ವಾರ" ಎಂದು ಕರೆದಳು. ನಾನು ನುಂಗಿ ನೀರು ಕುಡಿದ ಮೇಲೆ ಅವಳು ತನ್ನ ಗುಳಿಗೆ, ಲೋಟ ತೆಗೆದುಕೊಂಡು ಬಚ್ಚಲಿನ ಕಡೆ ಹೋಗುತ್ತಿದ್ದಳು. ಯಾಕೆಂದು ನಾನು ಯೋಚಿಸಲಿಲ್ಲ.

ಮೂರನೆಯ ತಿಂಗಳು ನನಗೆ ಗುಣ ಕಂಡಿತು. ಒಂದು ಬೆಳಿಗ್ಗೆ ನಾನೇ ಹೊದಿಕೆ ಸರಿಸಿದೆ. ಇನ್ನೊಂದು ದಿನ ನಲ್ಲಿ ತಿರುಗಿಸಿದೆ. ಒಂದು ವರ್ಷವಾಗುವಷ್ಟರಲ್ಲಿ ಹೆರಳು ಹಾಕಿಕೊಂಡೆ. ತೆಳ್ಳಗಾಗಿತ್ತು, ಇಲಿಯ ಬಾಲದ ಹಾಗಿತ್ತು, ಆದರೆ ನಾನೇ ಹಾಕಿಕೊಂಡದ್ದು. ಅವ್ವ ನೋಡಿ, "ಇನ್ನ ನನ್ನ ನೌಕರಿ ಹೋತು" ಅಂದಳು. ಅವಳ ರಕ್ತದ ವರದಿಯಲ್ಲಿ ಮಾತ್ರ ಬಾವು ಇಳಿದಿರಲಿಲ್ಲ. ಡಾಕ್ಟರು ಪ್ರತಿ ಸಲವೂ ಕೇಳುತ್ತಿದ್ದರು. "ಗುಳಿಗೆ ತಪ್ಪಿಸುತ್ತಿಲ್ಲ ತಾನೇ?" ಅವ್ವ ಪ್ರತಿ ಸಲವೂ "ತೊಗೊಂತೀನ್ರಿ ಯಪ್ಪಾ" ಅನ್ನುತ್ತಿದ್ದಳು. ಗುಳಿಗೆಯ ಪ್ರಮಾಣ ಹೆಚ್ಚಿಸಿದರು.

ಬೀಬಿಜಾನ ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಆಪಾ ಎನ್ನುತ್ತೇನೆ. ಮನೆಯ ಮುಂದಿನ ಕಟ್ಟೆಯ ಮೇಲೆ ಸಣ್ಣ ಅಂಗಡಿ ಇಟ್ಟಿದ್ದಾಳೆ. ಚಾಪುಡಿ, ಸಾಬೂನು, ತಲೆನೋವಿನ ಗುಳಿಗೆ, ಮಕ್ಕಳ ಚಾಕಲೇಟು. ಕೈಕಾಲು ಆಡತೊಡಗಿದ ಮೇಲೆ ಒಂದು ದಿನ ನಾನೇ ನಡೆದು ಅವಳ ಅಂಗಡಿಗೆ ಹೋದೆ, ಸಕ್ಕರೆ ತರಲು. ಅದೊಂದು ಹಬ್ಬದ ಹಾಗಿತ್ತು ನನಗೆ.

"ಅರೇ, ಬಂದ್ಲಪಾ ಪೈಲವಾನಿ" ಅಂದಳು ಬೀಬಿಜಾನ. ಸಕ್ಕರೆ ಕಟ್ಟಿಕೊಟ್ಟಳು. ಆಮೇಲೆ ಕತ್ತರಿ ತೆಗೆದು ಗುಳಿಗೆ ಹಾಳೆಯಿಂದ ಮೂರು ಕತ್ತರಿಸಿ ಸಕ್ಕರೆಯ ಮೇಲಿಟ್ಟಳು. "ಅವ್ವಂದು. ನೀನ ಹೊಂಟೀ ಅಂದ್ರ ಒಯ್ದು ಕೊಡು, ಮತ್ತ ಅಕೀ ಬರೋದು ತಪ್ಪತೈತಿ."

"ಏನಿದು ಆಪಾ?"

"ಬ್ಯಾನಿ ಗುಳಿಗಿ. ದಿನಾ ಒಯ್ತಾಳಲ್ಲ. ಮುಂಜಾನೆ ಒಂದು, ಮಧ್ಯಾಹ್ನ ಒಂದು, ಸಂಜಿಕೊಂದು." ನನ್ನ ಮುಖ ನೋಡಿ ಕತ್ತರಿ ಕೆಳಗಿಟ್ಟಳು. "ನಿನಗ ಗೊತ್ತಿಲ್ಲೇನು?"

"ಎಷ್ಟು ದಿನಾತು?"

"ನೀ ಹಾಸಿಗಿ ಹಿಡದಾಗಿಂದ. ಅದಕ್ಕೂ ಮೊದಲಾ ಒಮ್ಮೊಮ್ಮೆ ಒಯ್ತಿದ್ಲು. ನಾ ಡಾಕ್ಟರು ಹೇಳ್ಯಾರ ಅನಕೊಂಡಿದ್ನಿ ತಂಗೀ. ಅಲ್ಲಾನ ಕಸಮ್."

ನಾನು ಮನೆಗೆ ಬಂದೆ. ಅವ್ವ ಕೂದಲಿನ ಮುಂದೆ ಕುಳಿತಿದ್ದಳು. ದಬ್ಬಣವನ್ನು ಬೆರಳಿನಿಂದ ಹಿಡಿಯದೆ ಅಂಗೈಗೂ ಹೆಬ್ಬೆರಳಿಗೂ ನಡುವೆ ಸಿಕ್ಕಿಸಿಕೊಂಡಿದ್ದಳು. ಅಷ್ಟು ದಿನ ಅವಳ ಪಕ್ಕದಲ್ಲೇ ಇದ್ದೂ ನಾನು ಅದನ್ನು ನೋಡಿರಲಿಲ್ಲ. ಮೂರು ಗುಳಿಗೆಗಳನ್ನು ಅವಳ ಮುಂದೆ ಇಟ್ಟೆ.

"ಹಳದಿ ಗುಳಿಗಿ ಏನ್ ಮಾಡ್ದಿ?"

ಅವಳು ಸುಳ್ಳು ಹೇಳಲಿಲ್ಲ. "ಬಚ್ಚಲಕ್ಕ ಹಾಕೀನಿ."

"ಎಲ್ಲಾನೂ?"

"ಎಲ್ಲಾನೂ."

ನಾನು ಕೂಗಾಡಿದೆ. ಏನೇನು ಅಂದೆನೋ ನೆನಪಿಲ್ಲ, ನೆನಪಿರುವುದನ್ನು ಬರೆಯಲು ಮನಸ್ಸಿಲ್ಲ. ಅವಳು ಕೂದಲು ಬಿಡಿಸುತ್ತಲೇ ಇದ್ದಳು. ನನ್ನ ಕೂಗು ಮುಗಿದ ಮೇಲೆ ಹೇಳಿದಳು.

"ಶಕ್ತಿ ಇಳಸೋ ಗುಳಿಗಿ ಅಂತ ನೀನ ಹೇಳಿದೆಲ್ಲ. ನಿನ್ನ ಶಕ್ತಿ ಇಳದು ನೀ ಮಕ್ಕೊಂಡಿದ್ದಿ. ನಂದೂ ಇಳಿಸಿಕೊಂಡು ನಾನೂ ಮಕ್ಕೊಂಡ್ರ ನಿನ್ನ ಎಬ್ಬಸೋರು ಯಾರು? ಬಚ್ಚಲಕ್ಕ ಒಯ್ಯೋರು ಯಾರು?"

ಬಸ್ ನಿಲ್ದಾಣದಲ್ಲಿ ನಾನು ಬಿಟ್ಟ ಆ ಕಷ್ಟದ ಮಾತು ಆಗ ನೆನಪಾಯಿತು. ರೋಗನಿರೋಧಕ. ಅದನ್ನು ಬಿಟ್ಟು ಬರೀ ಶಕ್ತಿ ಎಂದಿದ್ದೆ. ಅವಳ ಪಾಲಿಗೆ ಶಕ್ತಿ ಎಂದರೆ ಒಂದೇ. ಕೊಡ ಎತ್ತುವುದು, ಮಗಳನ್ನು ಎತ್ತುವುದು.

"ಯವ್ವಾ, ಅದು ಆ ಶಕ್ತಿ ಅಲ್ಲ. ಬ್ಯಾರೆ ಶಕ್ತಿ."

"ಶಕ್ತ್ಯಾಗ ಎಷ್ಟು ತರಾ ಅದಾವು?"

ಕಣಗಳ ಬಗ್ಗೆ ಹೇಳಿದೆ. ಕೀಲಿನೊಳಗೆ ಬಂದು ಮನೆ ಮಾಡಿರುವುದರ ಬಗ್ಗೆ, ಅವು ನಮ್ಮವೇ ಆಗಿದ್ದೂ ನಮ್ಮನ್ನು ತಿನ್ನುವುದರ ಬಗ್ಗೆ. ಅವಳು ಕೇಳಿದಳು, ತಲೆ ಆಡಿಸಿದಳು.

"ನಮ್ಮವು ಅಂದ್ರ ನಮ್ಮವು. ಮನಿಯಾಗಿನವರು ಜಗಳಾ ಮಾಡಿದ್ರ ಹೊಡದು ಹೊರಗ ಹಾಕ್ತಾರೇನು?"

"ಈಗ ನಾನ ಎದ್ದು ಅಡ್ಡಾಡಾಕತ್ತೀನಲ್ಲವಾ. ಇನ್ನ ನನ್ನ ಯಾರೂ ಎಬ್ಬಸೋದು ಬ್ಯಾಡ."

"ಇವತ್ತು ಅಡ್ಡಾಡಾಕತ್ತೀ. ನಾಳಿಗೆ?"

ಈ ಬೇನೆಯಲ್ಲಿ ನಾಳೆಯ ಬಗ್ಗೆ ಯಾರೂ ಮಾತು ಕೊಡುವುದಿಲ್ಲ. ಆದರೂ ನಾನು ಆಣೆ ಹಾಕಿಸಿದೆ. ಬೀಬಿಜಾನಳ ಬಳಿ ಹೋಗಿ ಇನ್ನು ಒಂದು ಗುಳಿಗೆಯನ್ನೂ ಕೊಡಬೇಡ ಎಂದೆ. ಅವಳು ಹಾಳೆಗಳನ್ನೆಲ್ಲ ಒಳಗೆ ಎತ್ತಿಟ್ಟಳು. ಮುಂದಿನ ರವಿವಾರ ಅವ್ವ ನನ್ನ ಮುಂದೆ ಕುಳಿತು ಹಳದಿ ಗುಳಿಗೆ ನುಂಗಿ, ಬಾಯಿ ತೆರೆದು ನಾಲಿಗೆ ತೋರಿಸಿದಳು, ಸಾಲೆಯ ಹುಡುಗಿಯ ಹಾಗೆ.

ನಾನು ಗೆದ್ದೆ ಎಂದುಕೊಂಡೆ. ಆದರೆ ಆ ಗುಳಿಗೆಯ ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ನೋವಿನ ಗುಳಿಗೆ ನಿಂತದ್ದು ಅಂದೇ. ಅಷ್ಟು ದಿನ ಆ ಮೂರು ಗುಳಿಗೆ ಅವಳಲ್ಲಿ ಏನನ್ನು ಮುಚ್ಚಿಟ್ಟಿತ್ತು ಎಂಬುದು ಒಂದೇ ವಾರದಲ್ಲಿ ಹೊರಬಂತು. ಅವಳು ಏಳಲಾರದವಳಾದಳು. ನಾನು ಅವಳ ಬೆನ್ನಿನ ಕೆಳಗೆ ಕೈ ತೂರಿಸಿ ಎತ್ತಿದರೆ, ಎಂದೂ ಕೂಗದವಳು ಕೂಗಿದಳು. ಭುಜ ಮುಟ್ಟುವ ಹಾಗಿಲ್ಲ, ಮೊಣಕಾಲು ಮುಟ್ಟುವ ಹಾಗಿಲ್ಲ. ಎಲ್ಲಿ ಹಿಡಿಯಬೇಕೋ ತಿಳಿಯದೆ ನಾನು ಅವಳ ಮುಂದೆ ಕೈ ಚಾಚಿಕೊಂಡು ನಿಲ್ಲುತ್ತಿದ್ದೆ. ಡಾಕ್ಟರು ಬರುವ ರವಿವಾರ ಇನ್ನೂ ಮೂರು ವಾರ ದೂರ ಇತ್ತು. ಕೊಪ್ಪಳಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದರೆ, "ಆಟೋ ಹತ್ತಾಕ ನನಗ ಆಗೂದಿಲ್ಲ, ಕೈ ಮುಗಿತೀನಿ ಬಿಡು" ಅಂದಳು. ಮುಗಿಯಲು ಕೈ ಬರಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಅವಳು ನನ್ನನ್ನು ನೋಡಿ, "ಒಂದ ಒಂದು ಕೊಡವಾ" ಅಂದಳು. ನಾನು ಬೀಬಿಜಾನಳ ಅಂಗಡಿಗೆ ಹೋದೆ.

"ನೀನ ಬ್ಯಾಡ ಅಂದಿದ್ದೆಲ್ಲ" ಅಂದಳು.

"ಕೊಡು ಆಪಾ."

ಅವಳು ಒಳಗಿನಿಂದ ಹಾಳೆ ತಂದಳು. ಕತ್ತರಿಸಲಿಲ್ಲ, ಇಡೀ ಹಾಳೆ ಕೊಟ್ಟಳು. ದಿನವೂ ನಾನು ಬಂದು ಕೇಳುವುದನ್ನು ತಪ್ಪಿಸಲು ಇರಬೇಕು. ನಾನು ಅವ್ವನಿಗೆ ಒಂದು ಕೊಟ್ಟೆ. ಒಂದು ತಾಸಿನಲ್ಲಿ ಅವಳ ಮುಖ ಸಡಿಲಾಯಿತು. ಚಹ ಕೇಳಿದಳು. ಕುಡಿಯುತ್ತ ಯಲಬುರ್ಗಾದ ದೊಡ್ಡವ್ವನ ನಡಿಗೆ ಅಣಕಿಸಿ ನಗಿಸಿದಳು. ಅಂದು ಸಂಜೆ ಇನ್ನೊಂದು ಕೊಟ್ಟೆ. ಮರುದಿನ ಅವಳು ಕೇಳುವ ಮುಂಚೆಯೇ ಕೊಟ್ಟೆ. ಹೊಟ್ಟೆ ಉರಿಯುತ್ತದೆಯೇ ಎಂದು ಕೇಳುತ್ತಿದ್ದೆ, ಇಲ್ಲ ಅನ್ನುತ್ತಿದ್ದಳು. ಮಲ ಡಾಂಬರಿನಂತೆ ಕಪ್ಪಾಗಿ ಹೋಗುತ್ತಿದ್ದದ್ದನ್ನು ಹೇಳಲಿಲ್ಲ, ಅದು ನನಗೆ ಆಮೇಲೆ ದವಾಖಾನೆಯಲ್ಲಿ ತಿಳಿದದ್ದು. ಹೇಳಿದರೆ ಗುಳಿಗೆ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಡಾಕ್ಟರು ಬರುವ ರವಿವಾರಕ್ಕೆ ನಾಲ್ಕು ದಿನ ಇರುವಾಗ ಅವಳು ಬಚ್ಚಲಿನಲ್ಲಿ ಕುಸಿದಳು. ವಾಂತಿಯಲ್ಲಿ ಕಾಫಿ ಪುಡಿಯಂಥದ್ದು ಬಂತು, ಆಮೇಲೆ ಕೆಂಪಾಗಿಯೇ ಬಂತು. ಕೊಪ್ಪಳದ ದವಾಖಾನೆಯಲ್ಲಿ ರಕ್ತ ಕೊಟ್ಟರು. ಗಂಗಾವತಿಯಿಂದ ಓಡಿ ಬಂದ ನಮ್ಮ ಮನೆಯವರು ತಮ್ಮ ರಕ್ತ ಕೊಟ್ಟರು. ನಾನೂ ಕೊಡುತ್ತೇನೆ ಎಂದೆ. ನಿಮ್ಮ ಗುಳಿಗೆಯ ಕಾರಣಕ್ಕೆ ಬೇಡ ಎಂದರು. ಎರಡನೆಯ ದಿನ ಅವಳಿಗೆ ಸ್ವಲ್ಪ ಎಚ್ಚರವಾಯಿತು. ನಾನು ಮಂಚದ ಪಕ್ಕ ನಿಂತಿದ್ದೆ.

"ನೀ ಊಟಾ ಮಾಡಿದೇನು?" ಎಂದಳು.

"ಹೂನವಾ."

"ಯಾರ್ ಮಾಡಿದ್ರು?"

"ನಾನ ಮಾಡಿದ್ನಿ."

ಅವಳು ನಂಬಿದ ಹಾಗೆ ಕಾಣಲಿಲ್ಲ. ಅಂದೇ ಮಧ್ಯಾಹ್ನ ಹೋದಳು.

ಇದಾಗಿ ಎರಡು ವರ್ಷವಾಯಿತು. ಗಂಗಾವತಿಯ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ವರ್ಷಗಟ್ಟಲೆ ನುಂಗಿದ ನೋವಿನ ಗುಳಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡಿತ್ತು, ನೀವು ಕೊಟ್ಟ ಕೆಲವು ಗುಳಿಗೆಗಳಿಂದ ಆದದ್ದಲ್ಲ ಎಂದರು. ಬೀಬಿಜಾನಳಿಗೂ ಇದೇ ಮಾತನ್ನು ಹೇಳಿದೆ. ಅವಳು ನಂಬಲಿಲ್ಲ, ನಾನೂ ನಂಬಿಲ್ಲ. ಈಗ ಅವಳ ಅಂಗಡಿಯಲ್ಲಿ ನೋವಿನ ಗುಳಿಗೆ ಇಲ್ಲ. ಓಣಿಯವರು ಬೈದುಕೊಂಡು ಮುಂದಿನ ಅಂಗಡಿಗೆ ಹೋಗುತ್ತಾರೆ.

ನಾನು ಈಗಲೂ ರವಿವಾರ ಹಳದಿ ಗುಳಿಗೆ ನುಂಗುತ್ತೇನೆ. ಅದರಿಂದಲೇ ಇದನ್ನು ಬರೆಯುವಷ್ಟು ಹೊತ್ತು ಪೆನ್ನು ಹಿಡಿದಿದ್ದೇನೆ. ಚಳಿಗಾಲದಲ್ಲಿ ಒಮ್ಮೊಮ್ಮೆ ಬಾವು ಬರುತ್ತದೆ, ಕೆಲವು ದಿನ ಮಲಗುತ್ತೇನೆ, ಮತ್ತೆ ಏಳುತ್ತೇನೆ. ಈ ಬೇನೆಯವರು ಇದನ್ನು ಓದುತ್ತಿದ್ದರೆ ಎರಡು ಮಾತು ಹೇಳುವುದಿದೆ. ಗುಳಿಗೆಗೆ ಹೆದರಬೇಡಿ. ಅಂಗಡಿಯಿಂದ ತಂದು ನುಂಗುವುದನ್ನೆಲ್ಲ ಡಾಕ್ಟರಿಗೆ ಹೇಳಿ. ಮೂರನೆಯ ಮಾತೊಂದು ಇರಬೇಕಿತ್ತು, ಆ ಶಕ್ತಿಗೆ ಬೇರೆ ಹೆಸರು. ನಮ್ಮವ್ವನಂಥವರಿಗೆ ಕೇಳಿದ ಕೂಡಲೇ ತಿಳಿಯುವಂಥದ್ದು. ಎರಡು ವರ್ಷದಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಡಾಕ್ಟರನ್ನೂ ಕೇಳಿದೆ. ಯೋಚಿಸಿ, ನನಗೂ ಗೊತ್ತಿಲ್ಲ ಎಂದರು.

ಒಂದು ಸಂಗತಿಯನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿಲ್ಲ. ಅವ್ವನನ್ನು ಮಣ್ಣು ಮಾಡಿದ ದಿನ ಅಲ್ಲಿದ್ದವರು ನೋಡಿದ್ದಾರೆ, ಆದರೆ ಅದರ ಬಗ್ಗೆ ಮಾತಾಡಿಲ್ಲ.

ನಮ್ಮಲ್ಲಿ ಸತ್ತವರನ್ನು ಕೂಡ್ರಿಸಿ ಮಣ್ಣು ಮಾಡುತ್ತಾರೆ. ಬದುಕಿರುವಾಗ ಕೊರಳಲ್ಲಿ ಕಟ್ಟಿಕೊಂಡಿದ್ದ ಲಿಂಗವನ್ನು ಎಡ ಅಂಗೈಯ ಮೇಲೆ ಇಡಬೇಕು. ಅವ್ವನನ್ನು ಮೈ ತೊಳೆದು, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂಡ್ರಿಸಿದ್ದರು. ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರು ಕೈ ಬಿಚ್ಚಿಸಿ ಎಂದರು. ದೊಡ್ಡವ್ವ ಬಿಚ್ಚಲು ನೋಡಿದಳು. ಬೆರಳುಗಳು ಒಳಗೆ ಮಡಿಚಿ ಬಿಗಿದಿದ್ದವು. ಇನ್ನೊಬ್ಬ ಹೆಂಗಸು ನೋಡಿದಳು.

"ಬಿಚ್ಚವಲ್ಲವ್ರಿ ಅಯ್ಯನವ್ರ."

"ಸ್ವಲ್ಪ ಜೋರು ಮಾಡ್ರವಾ" ಎಂದರು ಅವರು, ಮೆಲ್ಲಗೆ. "ಗಟ್ಟಿ ಕೈಯವರು ಯಾರರ ಬರ್ರಿ."

ಆ ಪಡಸಾಲೆಯಲ್ಲಿ ಗಟ್ಟಿ ಕೈ ನನ್ನದಾಗಿತ್ತು. ನಾನು ಮುಂದೆ ಹೋಗಿ ಕುಳಿತು ಅವಳ ಎಡಗೈಯನ್ನು ತೊಡೆಯ ಮೇಲೆ ತೆಗೆದುಕೊಂಡೆ. ನಡುಬೆರಳಿನ ಗೆಣ್ಣಿನ ಮೇಲೆ ಹೆಬ್ಬೆರಳು ಇಟ್ಟೆ. ಒತ್ತಿದರೆ ತೆರೆಯುತ್ತಿತ್ತು, ಅದು ನನಗೆ ತಿಳಿಯಿತು. ಸತ್ತವರಿಗೆ ನೋವಾಗುವುದಿಲ್ಲ ಎಂಬುದೂ ನನಗೆ ಗೊತ್ತು. ಆದರೆ ಆ ಜಾಗದಲ್ಲಿ ಒತ್ತಿದರೆ ಏನಾಗುತ್ತದೆ ಎಂಬುದು ಆ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

"ಬ್ಯಾಡ್ರಿ" ಅಂದೆ. "ಆಕಿಗೆ ನೂಸತೈತಿ."

ಅಯ್ಯನವರು ನನ್ನನ್ನು ನೋಡಿದರು. ಆಮೇಲೆ ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ, ಮುಚ್ಚಿದ ಮುಷ್ಟಿಯ ಮೇಲೆಯೇ ಇಟ್ಟು, ದಾರ ಸುತ್ತಿದರು. ಗಂಟು ಜಾರದಂತೆ ಮೇಲೆ ಯಾರಾದರೂ ಒಂದು ಬೆರಳು ಇಡಬೇಕಿತ್ತು. ನಾನು ಇಟ್ಟೆ.